ಬೆಲ್ಟಾ, ಯೋಗವಾ, ಜಿಮ್ಮಾ, ಗರಡಿಯಾ? ಹಿಡಿದ ಕತ್ತು-ಬೆನ್ನಿಗೆ ದಾವಣಗೆರೆಯಲ್ಲಿ ಯಾವ ದಾರಿ

ಕತ್ತು ಹಿಡಿದಿದೆ ಅಂದರೆ ಸಾಕು, ನಮ್ಮೂರಲ್ಲಿ ಸಲಹೆಗೆ ಬರವಿಲ್ಲ. ಪಕ್ಕದ ಮನೆ ಅಕ್ಕ ಯೋಗ ಕ್ಲಾಸಿಗೆ ಬಾ ಅನ್ನುತ್ತಾರೆ. ಮಗ ಮೊಬೈಲಿನಲ್ಲಿ ಬೆನ್ನಿನ ಬೆಲ್ಟ್ ತೋರಿಸುತ್ತಾನೆ. ಭಾವ ಜಿಮ್ಮಿಗೆ ಎಳೆಯುತ್ತಾನೆ. ಅಜ್ಜಿ ಎಣ್ಣೆ ಕಾಯಿಸಲು ಎದ್ದೇ ಬಿಡುತ್ತಾರೆ. ಎಲ್ಲರ ಮಾತಲ್ಲೂ ಒಂದಿಷ್ಟು ಹುರುಳಿದೆ. ಆದರೆ ದಿನಕ್ಕೆ ಎಂಟು ಹತ್ತು ಗಂಟೆ ನಿಮ್ಮ ಮೈ ಯಾವ ಭಂಗಿಯಲ್ಲಿ ಇರುತ್ತದೆ ಅಂತ ಮಾತ್ರ ಯಾರೂ ಕೇಳುವುದಿಲ್ಲ.

ಆ ಪ್ರಶ್ನೆ ಬಿಟ್ಟು ದಾರಿ ಆರಿಸಿದರೆ ದುಡ್ಡೂ ಹೋಗುತ್ತದೆ, ನೋವೂ ಉಳಿಯುತ್ತದೆ. ಅದಕ್ಕೆ ಇಲ್ಲಿ ಪ್ರತಿಯೊಂದು ದಾರಿಯನ್ನೂ ಎರಡು ಮಾತಿನಲ್ಲಿ ಅಳೆದಿದ್ದೇನೆ. ಕೆಲಸದ ಹೊತ್ತಿನಲ್ಲಿ ಇದು ಮೈಯನ್ನು ಅಲ್ಲಾಡಿಸುತ್ತದಾ? ಬರುವ ವರ್ಷವೂ ಇದನ್ನು ಮಾಡುತ್ತಾ ಇರುತ್ತೀರಾ?

ಬಿಗಿ ಬರೋದು ಎಲ್ಲಿಂದ

ಜಾಸ್ತಿ ಕೆಲಸ ಮಾಡಿದ್ದಕ್ಕೆ ಸ್ನಾಯು ಬಿಗಿಯಾಯಿತು ಅಂತ ನಾವು ಅಂದುಕೊಳ್ಳುತ್ತೇವೆ. ಬಹಳ ಸಲ ಅದು ಅಲ್ಲಾಡದೆ ಕೆಲಸ ಮಾಡಿದ್ದಕ್ಕೆ ಬಿಗಿಯಾಗಿರುತ್ತದೆ. ಕುಗ್ಗುತ್ತಾ ಹಿಗ್ಗುತ್ತಾ ಇರುವ ಸ್ನಾಯುವಿನಲ್ಲಿ ರಕ್ತ ಚೆನ್ನಾಗಿ ಓಡುತ್ತದೆ. ಒಂದೇ ಹಿಡಿತದಲ್ಲಿ ನಿಂತ ಸ್ನಾಯು ತನ್ನೊಳಗಿನ ಸಣ್ಣ ರಕ್ತನಾಳಗಳನ್ನು ತಾನೇ ಅದುಮುತ್ತದೆ, ಬೇಗ ದಣಿಯುತ್ತದೆ. ದೊಡ್ಡವರ ತಲೆ ಸುಮಾರು 4.5ರಿಂದ 5 ಕೆ.ಜಿ. ತೂಗುತ್ತದೆ. ಅದು ಭುಜದ ನೇರಕ್ಕಿದ್ದರೆ ಕತ್ತಿನ ಹಿಂಭಾಗಕ್ಕೆ ಕೆಲಸ ಕಡಿಮೆ. ಮೊಬೈಲ್ ಕಡೆಗೋ ಲೆಕ್ಕದ ಪುಸ್ತಕದ ಕಡೆಗೋ ಬಾಗಿದಷ್ಟೂ ಆ ಸ್ನಾಯುಗಳು ಎಳೆದು ಹಿಡಿದೇ ಇರಬೇಕು.

ಬೆಣ್ಣೆದೋಸೆ ಹೋಟೆಲಿನಲ್ಲಿ ಕಟ್ಟಿಗೆ ಒಲೆಯ ಮುಂದೆ ನಿಂತವರನ್ನು ಒಮ್ಮೆ ಗಮನಿಸಿ. ದೊಡ್ಡ ಕಾವಲಿ, ಅದರ ಆಚೆ ತುದಿಯ ದೋಸೆ ಎಬ್ಬಿಸಬೇಕಾದರೆ ಸೊಂಟದಿಂದ ಬಗ್ಗಿ ಕೈ ಚಾಚಬೇಕು. ಬಲಗೈ ಹಿಟ್ಟು ಹರಡುತ್ತದೆ, ಬೆಣ್ಣೆ ಹಾಕುತ್ತದೆ, ದೋಸೆ ಮಡಿಸುತ್ತದೆ, ಒಂದು ಗಳಿಗೆ ಸುಮ್ಮನಿರುವುದಿಲ್ಲ. ಸುಮ್ಮನಿರುವುದು ಸೊಂಟ ಮತ್ತು ಕಾಲು. ಭಾನುವಾರ ಬೆಳಿಗ್ಗೆ ಗಿರಾಕಿ ತುಂಬಿದಾಗ ಅವೆರಡೂ ಗಂಟೆಗಟ್ಟಲೆ ಒಂದೇ ಕೋನದಲ್ಲಿ ನಿಂತಿರುತ್ತವೆ. ಅದಕ್ಕೇ ಕೈಗಿಂತ ಮೊದಲು ಸೊಂಟ ದೂರು ಹೇಳುತ್ತದೆ.

ಚೌಕಿಪೇಟೆಯ ಕಡೆ ಬಟ್ಟೆ ಅಂಗಡಿಯ ಗಾದಿ ಮೇಲೆ ಕೂತವರದ್ದು ಬೇರೆ ಕಥೆ. ಚಕ್ಕಳಮಕ್ಕಳ ಹಾಕಿ, ಗಲ್ಲಾಪೆಟ್ಟಿಗೆ ಮುಂದಿಟ್ಟುಕೊಂಡು, ಬೆನ್ನು ಬಿಲ್ಲಿನ ಹಾಗೆ ಬಾಗಿರುತ್ತದೆ. ಸೀರೆ ಬಿಡಿಸಿ ತೋರಿಸುವ ಹುಡುಗರು ಏಳುತ್ತಾರೆ, ಕೂರುತ್ತಾರೆ, ಮೇಲಿನ ಖಾನೆಗೆ ಕೈ ಎತ್ತುತ್ತಾರೆ. ಸಂಜೆ ಹೊತ್ತಿಗೆ ಇಬ್ಬರಲ್ಲಿ ಯಾರ ಮೈ ಹಿಡಿದಿರುತ್ತದೆ ಅಂತ ಕೇಳಿ ನೋಡಿ. ಸಾಮಾನ್ಯವಾಗಿ ಮಾಲೀಕರದ್ದೇ. ಹುಡುಗರಿಗೆ ದಣಿವು ಇರುತ್ತದೆ, ಅದು ರಾತ್ರಿ ನಿದ್ದೆಯಲ್ಲಿ ಕಳೆಯುತ್ತದೆ.

ಅದಕ್ಕೆ "ನೆಟ್ಟಗೆ ಕೂತ್ಕೋ" ಅನ್ನುವ ಉಪದೇಶದ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ. ಎದೆ ಉಬ್ಬಿಸಿ, ಭುಜ ಹಿಂದಕ್ಕೆಳೆದು ಮೂರು ಗಂಟೆ ಕೂತರೂ ಅದೂ ಒಂದು ಹಿಡಿತವೇ ಅಲ್ವಾ? ಗೂನು ಹಾಕಿ ಐದು ನಿಮಿಷ ಕೂತರೆ ಏನೂ ಆಗುವುದಿಲ್ಲ. ನೆಟ್ಟಗೋ ಸೊಟ್ಟಗೋ, ಬದಲಾಯಿಸುತ್ತಾ ಇರಬೇಕು.

ಬೆಲ್ಟ್ ಮತ್ತು ಭುಜದ ಪಟ್ಟಿ

ಇದನ್ನು ಬೇಗ ಮುಗಿಸೋಣ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಹಳೆಯ ಸೊಂಟನೋವಿಗೆ ಏನು ಮಾಡಬೇಕು, ಏನು ಬೇಡ ಅಂತ ಮಾರ್ಗಸೂಚಿ ಕೊಟ್ಟಿತು. ವಾಡಿಕೆಗೆ ಬೇಡ ಅಂದ ಪಟ್ಟಿಯಲ್ಲಿ ಸೊಂಟದ ಬೆಲ್ಟ್ ಇದೆ, ತೂಕ ಕಟ್ಟಿ ಎಳೆಯುವ ಟ್ರ್ಯಾಕ್ಷನ್ ಕೂಡ ಇದೆ. ವ್ಯಾಯಾಮ, ತಿಳಿವಳಿಕೆ, ಮಸಾಜ್‌ನಂಥವು ಮಾಡಬಹುದು ಅನ್ನುವ ಪಟ್ಟಿಯಲ್ಲಿವೆ.

ಭುಜವನ್ನು ಹಿಂದಕ್ಕೆ ಎಳೆಯುವ ಪಟ್ಟಿಯನ್ನು ಈಗ ಆನ್‌ಲೈನ್‌ನಲ್ಲಿ ಬಹಳ ಜನ ತರಿಸುತ್ತಾರೆ. ಹಾಕಿಕೊಂಡಾಗ ಮೈ ನೆಟ್ಟಗಾದ ಹಾಗೆ ಅನಿಸುತ್ತದೆ, ನಿಜ. ಆದರೆ ಎಳೆಯುವ ಕೆಲಸ ಬಟ್ಟೆ ಮಾಡುತ್ತಿದೆ, ಬೆನ್ನಲ್ಲ. ನಮ್ಮೂರಿನ ಏಪ್ರಿಲ್ ಸೆಕೆಗೆ ಅದರೊಳಗೆ ಬೆವರಿ, ಕಡಿತ ಶುರುವಾಗಿ, ಕೊನೆಗೆ ಅದು ಬೀರುವಿನ ಮೇಲಿನ ಖಾನೆ ಸೇರುತ್ತದೆ. ಆಪರೇಷನ್ ಆದವರು, ಮೂಳೆಗೆ ಪೆಟ್ಟಾದವರು ಡಾಕ್ಟರ್ ಹೇಳಿದ ಬೆಲ್ಟ್ ಹಾಕಲೇಬೇಕು, ಅದು ಬೇರೆ. ಸುಮ್ನೆ ಬಿಗಿ ಅಂತ ಬೆಲ್ಟ್ ಕೊಳ್ಳುವವರು ಆ ದುಡ್ಡಲ್ಲಿ ಒಳ್ಳೆಯ ಶೂ ತೆಗೆದುಕೊಳ್ಳಲಿ.

ಎಣ್ಣೆ, ಮಸಾಜ್, ಶಾಖ

ಬಿಸಿ ಎಣ್ಣೆ ಹಚ್ಚಿ ನೀವಿ, ಮೇಲೆ ಎರಡು ಬಕೆಟ್ ಬಿಸಿನೀರು ಹಾಕಿಕೊಂಡರೆ ಹಾಯೆನಿಸದವರು ಯಾರು? ಅದು ಭ್ರಮೆ ಅಲ್ಲ. ಶಾಖಕ್ಕೆ ರಕ್ತದ ಓಡಾಟ ಹೆಚ್ಚುತ್ತದೆ, ಒತ್ತಿ ನೀವಿದಾಗ ನೋವಿನ ಸೂಚನೆ ಸ್ವಲ್ಪ ಹೊತ್ತು ಮಂಕಾಗುತ್ತದೆ. ಆದರೆ ಸೋಮವಾರ ಮತ್ತೆ ಅದೇ ಗಾದಿ, ಅದೇ ಗಲ್ಲಾ.

ಬ್ರಿಟನ್ನಿನಲ್ಲಿ ಹಳೆಯ ಬೆನ್ನುನೋವಿನ 579 ಮಂದಿಯ ಮೇಲೆ ನಡೆದ ಒಂದು ದೊಡ್ಡ ಪರೀಕ್ಷೆಯ ಫಲಿತಾಂಶ 2008ರಲ್ಲಿ ಬಂತು. ಕೆಲವರಿಗೆ ಮಸಾಜ್, ಕೆಲವರಿಗೆ ಡಾಕ್ಟರ್ ಬರೆದುಕೊಟ್ಟ ನಡಿಗೆಯಂಥ ವ್ಯಾಯಾಮ, ಕೆಲವರಿಗೆ ಮೈಯ ಬೇಡದ ಬಿಗಿ ಬಿಡುವುದನ್ನು ಕಲಿಸುವ ಅಲೆಕ್ಸಾಂಡರ್ ಪದ್ಧತಿಯ ಪಾಠ. ಮಸಾಜ್ ಮೂರು ತಿಂಗಳಲ್ಲಿ ಗುಣ ತೋರಿಸಿತು. ವರ್ಷ ತುಂಬುವಷ್ಟರಲ್ಲಿ ದಿನದ ಕೆಲಸಕ್ಕೆ ಆದ ಅನುಕೂಲ ಬಹುಪಾಲು ಕರಗಿತ್ತು. ಪಾಠ ಕಲಿತವರ ಗುಣ ವರ್ಷದ ಮೇಲೂ ನಿಂತಿತ್ತು.

ಹಾಗಂತ ಮಸಾಜ್ ಬಿಡಬೇಕಾಗಿಲ್ಲ. ನೋವು ತಗ್ಗಿದ ಎರಡು ದಿನದಲ್ಲಿ ನಡಿಗೆ ಶುರು ಮಾಡಿ, ಆಗ ಎಣ್ಣೆಗೆ ಕೊಟ್ಟ ದುಡ್ಡು ಸಾರ್ಥಕ. ಕತ್ತನ್ನು ಹಿಡಿದು ಲಟಕ್ ಅನಿಸುವವರ ಹತ್ತಿರ ಮಾತ್ರ ಹೋಗಬೇಡಿ. ಕಟಿಂಗ್ ಶಾಪಿನಲ್ಲಿ ಬಿಟ್ಟಿ ಸಿಗುವ ಆ ತಿರುವು ಕತ್ತಿನ ರಕ್ತನಾಳಕ್ಕೆ ಪೆಟ್ಟು ಮಾಡಬಹುದು. ಅಪರೂಪ, ಆದರೂ ಹಾಗೇನಾದರೂ ಆದರೆ ಪಾರ್ಶ್ವವಾಯುವಿನವರೆಗೆ ಹೋಗಬಹುದು.

ಅಲೆಕ್ಸಾಂಡರ್ ಪದ್ಧತಿ ಅಂದರೆ ಏನು

ಹೆಸರು ಕೇಳಿ ಯಂತ್ರ ಅಂದುಕೊಳ್ಳಬೇಡಿ. ಎಫ್. ಎಂ. ಅಲೆಕ್ಸಾಂಡರ್ (1869–1955) ಆಸ್ಟ್ರೇಲಿಯಾದ ಒಬ್ಬ ನಟ. ವೇದಿಕೆ ಮೇಲೆ ಧ್ವನಿ ಕಟ್ಟುತ್ತಿತ್ತು. ಕನ್ನಡಿ ಮುಂದೆ ನಿಂತು ನೋಡಿಕೊಂಡರೆ, ಮಾತು ಶುರು ಮಾಡುವ ಮೊದಲೇ ಕತ್ತು ಬಿಗಿದು ತಲೆ ಹಿಂದಕ್ಕೆ ಹೋಗುತ್ತಿತ್ತು. ಬೇಡದ ಬಿಗಿ ಎಲ್ಲಿ ಹಾಕುತ್ತಿದ್ದೇವೆ ಅಂತ ಗಮನಿಸಿ, ಅದನ್ನು ಬಿಡುವುದನ್ನು ಕಲಿಸುವುದು ಈ ಪದ್ಧತಿ.

ಮೇಲೆ ಹೇಳಿದ ಪರೀಕ್ಷೆಯಲ್ಲಿ ಮಾಮೂಲಿ ಚಿಕಿತ್ಸೆಯವರಿಗೆ ತಿಂಗಳಲ್ಲಿ 21 ದಿನ ನೋವಿದ್ದರೆ, 24 ಪಾಠ ಮಾಡಿದವರಿಗೆ ವರ್ಷದ ಕೊನೆಗೆ ಅದಕ್ಕಿಂತ 18 ದಿನ ಕಡಿಮೆ ಇತ್ತು. ನನಗೆ ಹೆಚ್ಚು ಇಷ್ಟವಾದದ್ದು ಇನ್ನೊಂದು ಸಂಗತಿ. ಬರೀ ಆರು ಪಾಠ, ಜೊತೆಗೆ ವ್ಯಾಯಾಮ ಮಾಡಿದವರಿಗೂ ಅದರ ಹತ್ತಿರ ಹತ್ತಿರ ಗುಣ ಸಿಕ್ಕಿತ್ತು.

ಕಲಿಸುವವರು ಸಿಗದಿದ್ದರೂ ಅದರ ಒಂದು ತುಣುಕನ್ನು ಮನೆಯಲ್ಲೇ ನೋಡಿಕೊಳ್ಳಬಹುದು. ಕುರ್ಚಿಯಿಂದ ಏಳುವಾಗ ಒಂದು ಕೈಯನ್ನು ಕತ್ತಿನ ಹಿಂದೆ ಇಟ್ಟುಕೊಳ್ಳಿ. ಏಳಬೇಕು ಅಂದುಕೊಂಡ ಕ್ಷಣಕ್ಕೆ ಅಲ್ಲಿನ ಸ್ನಾಯು ಗಟ್ಟಿಯಾಗಿ ಗದ್ದ ಮೇಲೆ ಹೋಗುತ್ತದಾ ನೋಡಿ. ಬಹಳ ಜನರಿಗೆ ಹೋಗುತ್ತದೆ. ಕಾಲು ಮಾಡಬೇಕಾದ ಕೆಲಸಕ್ಕೆ ಕತ್ತು ಸುಮ್ಮನೆ ಹೆಗಲು ಕೊಡುತ್ತಿದೆ. ಕತ್ತು ಸಡಿಲ ಬಿಟ್ಟು, ಪಾದ ಹಿಂದಕ್ಕೆ ತಂದು, ಸೊಂಟದಿಂದ ಮುಂದಕ್ಕೆ ಬಾಗಿ ಎದ್ದು ನೋಡಿ. ಬೈಕ್ ಹ್ಯಾಂಡಲ್ ಹಿಡಿದಾಗ, ಫೋನಿನಲ್ಲಿ ಜಗಳ ಆಡುವಾಗ, ಮೆಸೇಜ್ ಟೈಪ್ ಮಾಡುವಾಗ ಭುಜ ಕಿವಿಯ ಹತ್ತಿರ ಬಂದಿರುವುದು ಆಮೇಲೆ ನಿಮಗೇ ಗೊತ್ತಾಗತೊಡಗುತ್ತದೆ.

ಯೋಗವಾ, ಜಿಮ್ಮಾ

ಹೆಚ್ಚು ಜನ ಸಿಕ್ಕಿಕೊಳ್ಳುವುದು ಇಲ್ಲೇ. ಎರಡೂ ಒಳ್ಳೆಯವೇ. ಆದರೆ ಎರಡೂ ಮಾಡುವ ಕೆಲಸ ಬೇರೆ.

ಯೋಗದ ಬಲ ಅಂದರೆ ನಿಧಾನ, ಉಸಿರು, ಮೈಯ ಎಲ್ಲ ದಿಕ್ಕಿನ ಚಲನೆ. ಹಳೆಯ ಸೊಂಟನೋವಿಗೆ ಮಾತ್ರೆಗಿಂತ ಮೊದಲು ನೋಡಬಹುದಾದ ದಾರಿಗಳಲ್ಲಿ ಯೋಗವನ್ನೂ 2017ರಲ್ಲಿ ಅಮೆರಿಕದ ವೈದ್ಯರ ಸಂಸ್ಥೆಯ ಮಾರ್ಗಸೂಚಿ ಸೇರಿಸಿತು. ಗಾದಿ ಮೇಲೆ ಬಾಗಿ ಕೂರುವವರಿಗೆ ಭುಜಂಗಾಸನ, ಶಲಭಾಸನ, ಮಾರ್ಜಾಲಾಸನ ಹೇಳಿ ಮಾಡಿಸಿದ ಹಾಗಿವೆ. ದಿನವಿಡೀ ಮುಂದಕ್ಕೆ ಬಾಗಿದ ಬೆನ್ನು ಅಲ್ಲಿ ಹಿಂದಕ್ಕೆ ಹೋಗುತ್ತದೆ. ಅದೇ ಕಾರಣಕ್ಕೆ, ಆಗಲೇ ಸೊಂಟ ಹಿಡಿದವರಿಗೆ ಮೊದಲ ವಾರವೇ ಪಶ್ಚಿಮೋತ್ತಾನಾಸನದಲ್ಲಿ ಮಂಡಿಗೆ ಹಣೆ ಮುಟ್ಟಿಸಿ ಅನ್ನುವ ಗುರುಗಳಿಂದ ದೂರ ಇರುವುದು ಒಳ್ಳೆಯದು. ಕತ್ತಿನ ತೊಂದರೆ ಇದ್ದವರಿಗೆ ಶೀರ್ಷಾಸನ, ಸರ್ವಾಂಗಾಸನ ಬೇಡ.

ಹಾಗಾಗಿ ಯೋಗದಲ್ಲಿ ಆಸನಕ್ಕಿಂತ ಕಲಿಸುವವರು ಮುಖ್ಯ. ಸೇರುವ ಮೊದಲು ಒಂದು ಕ್ಲಾಸ್ ಕೂತು ನೋಡಿ. ಎಷ್ಟು ಜನ ಇದ್ದಾರೆ? ಗುರುಗಳು ತಾವೇ ಮುಂದೆ ಮಾಡುತ್ತಾ ಹೋಗುತ್ತಾರಾ, ಮಧ್ಯೆ ಓಡಾಡಿ ನಿಮ್ಮ ಮಂಡಿ, ಭುಜ ನೋಡುತ್ತಾರಾ? "ನನಗೆ ಸೊಂಟ ನೋವಿದೆ" ಅಂದಾಗ ಎಲ್ಲಿ, ಯಾವಾಗ, ಕಾಲಿಗೆ ಇಳಿಯುತ್ತದಾ ಅಂತ ಕೇಳುತ್ತಾರಾ? ಕೇಳದೆ "ಎಲ್ಲ ಹೋಗುತ್ತೆ ಬಿಡಿ" ಅಂದರೆ ಬೇರೆ ಕಡೆ ನೋಡಿ.

ಈಗ ಜಿಮ್. ಬಿಗಿ ಇರುವ ಸ್ನಾಯು ಬಹಳ ಸಲ ಸೋತ ಸ್ನಾಯುವೂ ಆಗಿರುತ್ತದೆ. ಅದನ್ನು ಬರೀ ಎಳೆದು ಸಡಿಲ ಮಾಡಿದರೆ ಸಂಜೆಗೆ ಮತ್ತೆ ಬಿಗಿಯುತ್ತದೆ, ಯಾಕಂದರೆ ಹೊರುವ ಶಕ್ತಿ ಹಾಗೇ ಇದೆ. ಬಲ ಬಂದರೆ ಅದೇ ಹೊರೆ ಹಗುರ ಅನಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಚಟುವಟಿಕೆ ಹೇಳಿತು. ಅದರ ಜೊತೆಗೆ ವಾರಕ್ಕೆ ಎರಡು ದಿನವಾದರೂ ಸ್ನಾಯುವಿಗೆ ಬಲ ಕೊಡುವ ವ್ಯಾಯಾಮವನ್ನೂ ಹೇಳಿತು. ಎರಡನೆಯದನ್ನು ನಲವತ್ತು ದಾಟಿದವರು, ಅದರಲ್ಲೂ ಹೆಂಗಸರು, ಬಿಟ್ಟೇ ಬಿಡುತ್ತಾರೆ.

ಜಿಮ್ಮಿನಲ್ಲಿ ಕತ್ತು-ಭುಜದವರು ಕೇಳಬೇಕಾದದ್ದು ಎಳೆಯುವ ವ್ಯಾಯಾಮ. ಹಗ್ಗವನ್ನೋ ಡಂಬೆಲ್ಲನ್ನೋ ಹೊಟ್ಟೆಯ ಕಡೆಗೆ ಎಳೆಯುವುದು, ಹಿಂಬದಿಯ ಭುಜದ ಹಲಗೆಗಳನ್ನು ಹತ್ತಿರ ತರುವುದು. ಆದರೆ ನಮ್ಮ ಹುಡುಗರು ಸೇರಿದ ದಿನದಿಂದ ಎದೆ, ತೋಳು ಅಷ್ಟೇ ಮಾಡುತ್ತಾರೆ, ಕನ್ನಡಿಯಲ್ಲಿ ಕಾಣುವುದು ಅದೇ ಅಲ್ವಾ. ಆಗಲೇ ಮುಂದಕ್ಕೆ ಬಾಗಿದ ಭುಜ ಇನ್ನಷ್ಟು ಮುಂದಕ್ಕೆ ಬರುತ್ತದೆ. ಕತ್ತು ಸರಿ ಮಾಡಿಕೊಳ್ಳಲು ಜಿಮ್ಮಿಗೆ ಸೇರಿ ಅದನ್ನೇ ಹೆಚ್ಚಿಸಿಕೊಂಡು ಬರುವವರು ಹೀಗೆ.

ಎರಡರಲ್ಲಿ ಒಂದನ್ನೇ ಹೇಳು ಅಂದರೆ: ಮನಸ್ಸಿನ ಒತ್ತಡಕ್ಕೆ ಹಲ್ಲು ಕಚ್ಚಿ, ಭುಜ ಬಿಗಿದು, ರಾತ್ರಿ ನಿದ್ದೆ ಬರದವರಿಗೆ ಯೋಗ. ಕೂತು ಕೂತು ಮೈಯಲ್ಲಿ ಕಸುವೇ ಇಲ್ಲ ಅನ್ನುವವರಿಗೆ ಜಿಮ್.

ಗರಡಿ ಮನೆಯ ಮಾತು

ದಾವಣಗೆರೆಯವರಾಗಿ ಗರಡಿ ಮನೆ ಬಿಟ್ಟು ಹೋದರೆ ಹೇಗೆ? ಪೈಲ್ವಾನರು ಮಾಡುವ ಸಾಮು ಇವತ್ತಿನ ಭಾಷೆಯಲ್ಲಿ ಹೇಳಿದರೆ ಚಲನೆ ಮತ್ತು ಬಲ ಎರಡೂ ಸೇರಿದ್ದು. ದಂಡ ಹೊಡೆಯುವಾಗ ಎದೆ ನೆಲದ ಹತ್ತಿರ ಜಾರಿ ಬೆನ್ನು ಹಿಂದಕ್ಕೆ ಬಾಗುತ್ತದೆ, ತಿರುಗಿ ಸೊಂಟ ಮೇಲೇಳುತ್ತದೆ. ಬಸ್ಕಿಯಲ್ಲಿ ಮಂಡಿ, ಸೊಂಟ, ಪಾದದ ಕೀಲು ಮೂರೂ ಪೂರ್ತಿ ಮಡಚುತ್ತವೆ. ಗದೆಯನ್ನು ಬೆನ್ನ ಹಿಂದೆ ತಿರುಗಿಸುವಾಗ ಭುಜ ಎಲ್ಲ ದಿಕ್ಕಿಗೂ ಹೋಗುತ್ತದೆ. ಇದೆಲ್ಲ ಯಂತ್ರವಿಲ್ಲದೆ, ಎಸಿ ಇಲ್ಲದೆ.

ಆದರೆ ನಲವತ್ತೈದು ದಾಟಿದವರು, ಮಂಡಿ ಸವೆದವರು ನೇರ ಗರಡಿಗೆ ನುಗ್ಗುವುದು ಬೇಡ. ಮನೆಯಲ್ಲಿ ಕಟ್ಟೆಗೆ ಕೈ ಕೊಟ್ಟು ವಾರೆಯಾಗಿ ದಂಡ, ಕುರ್ಚಿಯವರೆಗೆ ಮಾತ್ರ ಬಸ್ಕಿ, ಇಷ್ಟು ಸಾಕು. ಹತ್ತು ಹತ್ತರಂತೆ ದಿನಕ್ಕೆ ಎರಡು ಹೊತ್ತು. ಹೈಸ್ಕೂಲಿನ ಹುಡುಗರಿಗೆ ಮಾತ್ರ ನಾನು ಜಿಮ್ಮಿಗಿಂತ ಗರಡಿಯನ್ನೇ ಹೇಳುತ್ತೇನೆ, ಒಳ್ಳೆಯ ಉಸ್ತಾದ್ ಸಿಕ್ಕರೆ.

ನಡಿಗೆ

ಕುಂದವಾಡ ಕೆರೆ ಏರಿಯ ಮೇಲೆ ಬೆಳಿಗ್ಗೆ ನಡೆಯುವವರನ್ನು ನೋಡಿ. ಕೈ ಬೀಸಿ, ದೂರ ನೋಡುತ್ತಾ ನಡೆಯುವವರ ಬೆನ್ನು ಪ್ರತಿ ಹೆಜ್ಜೆಗೂ ಸ್ವಲ್ಪ ಸ್ವಲ್ಪ ತಿರುಗುತ್ತದೆ. ಒಂದು ಕೈಯಲ್ಲಿ ಮೊಬೈಲ್ ಹಿಡಿದು ತಲೆ ತಗ್ಗಿಸಿ ನಡೆಯುವವರದ್ದು ತಿರುಗುವುದಿಲ್ಲ. ಅವರು ಆಫೀಸಿನ ಕುರ್ಚಿಯನ್ನು ಕೆರೆಗೂ ಹೊತ್ತು ತಂದಿದ್ದಾರೆ.

ಖರ್ಚಿಲ್ಲ, ಗುರು ಬೇಕಿಲ್ಲ, ಬ್ರಿಟನ್ನಿನ ಪರೀಕ್ಷೆಯಲ್ಲೂ ಜೊತೆಗಿದ್ದದ್ದು ಇದೇ. ಕೊರತೆ ಒಂದಿದೆ: ಕಾಲಿಗೆ, ಸೊಂಟಕ್ಕೆ ಸಿಕ್ಕಷ್ಟು ಪಾಲು ಕತ್ತಿಗೆ, ಭುಜಕ್ಕೆ ಸಿಗುವುದಿಲ್ಲ. ಬೆಳಿಗ್ಗೆ ಒಂದು ಗಂಟೆ ನಡೆದು ಆಮೇಲೆ ಹನ್ನೆರಡು ಗಂಟೆ ಅಲ್ಲಾಡದೆ ಕೂರುವುದಕ್ಕಿಂತ, ಬೆಳಿಗ್ಗೆ ಅರ್ಧ ಗಂಟೆ, ಊಟ ಆದ ಮೇಲೆ ಹತ್ತು ನಿಮಿಷ, ಸಂಜೆ ಇಪ್ಪತ್ತು ನಿಮಿಷ ಅಂತ ಒಡೆದು ನಡೆಯುವುದು ಹಿಡಿತಕ್ಕೆ ಒಳ್ಳೆಯದು. ಮಾರ್ಚ್‌ನಿಂದ ಮೇವರೆಗೆ ಬಿಸಿಲು ಏರುವ ಮೊದಲೇ ಮುಗಿಸಿ.

ಕುರ್ಚಿ, ಟೇಬಲ್ಲು, ಕಟ್ಟೆ

ದುಬಾರಿ ಕುರ್ಚಿ ಕೊಳ್ಳುವ ಮೊದಲು ಇರುವುದನ್ನು ಸರಿ ಮಾಡಿ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬರಲಿ. ಲ್ಯಾಪ್‌ಟಾಪ್ ಆದರೆ ಕೆಳಗೆ ಹಳೆಯ ಪುಸ್ತಕ ಇಟ್ಟು, ಬೇರೆ ಕೀಬೋರ್ಡ್ ಹಾಕಿಕೊಳ್ಳಿ. ಪಾದ ನೆಲಕ್ಕೆ ಮುಟ್ಟದಿದ್ದರೆ ಮಣೆ. ಗಾದಿ ಮೇಲೆ ಕೂರುವವರು ಕುಂಡಿಯ ಕೆಳಗೆ ಮಡಿಸಿದ ಜಮಖಾನ ಇಟ್ಟು ಮಂಡಿಗಿಂತ ಸೊಂಟ ಎತ್ತರ ಮಾಡಿಕೊಂಡರೆ ಬೆನ್ನು ತಾನೇ ನೇರವಾಗುತ್ತದೆ. ಒಲೆ ಮುಂದೆ ನಿಲ್ಲುವವರು ಒಂದು ಇಟ್ಟಿಗೆ ಇಟ್ಟುಕೊಂಡು ಕಾಲು ಬದಲಾಯಿಸುತ್ತಾ ಅದರ ಮೇಲಿಡಿ. ಬೈಕಿನವರು ಹಿಂದಿನ ಜೇಬಿನ ದಪ್ಪ ಪರ್ಸ್ ತೆಗೆಯಿರಿ. ಒಂದು ಕುಂಡಿ ಎತ್ತರ ಮಾಡಿ ಹರಿಹರದವರೆಗೆ ಹೋಗಿ ಬಂದರೆ ಸೊಂಟ ಸುಮ್ಮನಿರುತ್ತದಾ?

ಮಂಡಕ್ಕಿ ಭಟ್ಟಿಯಲ್ಲಿ, ಗೋದಾಮಿನಲ್ಲಿ ಚೀಲ ಎತ್ತುವವರಿಗೆ ಕುರ್ಚಿಯ ಮಾತು ಬೇಕಿಲ್ಲ. ಚೀಲವನ್ನು ಮೈಗೆ ಅಂಟಿಸಿ ಎತ್ತಿ, ಇಳಿಸುವಾಗ ಸೊಂಟ ತಿರುಚದೆ ಪಾದ ತಿರುಗಿಸಿ.

ಇವೆಲ್ಲಕ್ಕಿಂತ ಹೆಚ್ಚು ಗುಣ ಕೊಡುವುದಕ್ಕೆ ಹೆಸರೂ ಇಲ್ಲ, ಫೀಸೂ ಇಲ್ಲ. ಅರ್ಧ ಗಂಟೆಗೊಮ್ಮೆ ಏಳುವುದು. ನೀರಿನ ಬಾಟಲಿ ದೂರ ಇಡಿ. ಫೋನ್ ಬಂದರೆ ನಿಂತು ಮಾತಾಡಿ. ಗಿರಾಕಿ ಹೋದ ಕೂಡಲೇ ಒಂದು ಸಲ ಎದ್ದು, ಬಾಗಿಲ ಚೌಕಟ್ಟಿಗೆ ಎರಡೂ ಕೈ ಕೊಟ್ಟು ಎದೆಯನ್ನು ಇಪ್ಪತ್ತು ಸೆಕೆಂಡ್ ಮುಂದಕ್ಕೆ ಒಡ್ಡಿ. ಗದ್ದವನ್ನು ನೇರ ಹಿಂದಕ್ಕೆ ತಂದು ಐದು ಎಣಿಸಿ ಬಿಡಿ. ಒಂದು ನಿಮಿಷದ ಕೆಲಸ. ನನ್ನ ಅಳತೆಯಲ್ಲಿ ಮೊದಲ ಸ್ಥಾನ ಇದಕ್ಕೇ, ಉಳಿದದ್ದೆಲ್ಲ ಇದರ ಮೇಲೆ ಸೇರಿಸುವಂಥವು.

ಫಿಸಿಯೋಥೆರಪಿ ಯಾವಾಗ

ನೋವು ಕಾಲಿಗೋ ಕೈಗೋ ಇಳಿಯುತ್ತಿದ್ದರೆ, ಜೋಮು ಹಿಡಿಯುತ್ತಿದ್ದರೆ, ಆರು ವಾರವಾದರೂ ಹಾಗೇ ಇದ್ದರೆ ಯೋಗ, ಜಿಮ್ ಪಕ್ಕಕ್ಕಿಟ್ಟು ಡಾಕ್ಟರ್ ನೋಡಿ, ಅವರು ಹೇಳಿದರೆ ಫಿಸಿಯೋ. ಅಲ್ಲಿ ಒಂದು ವಿಷಯ ಗಮನಿಸಿ. ಮಲಗಿಸಿ, ಕರೆಂಟ್ ಕೊಟ್ಟು, ಶಾಖ ಹಿಡಿದು, ಹತ್ತು ಸಿಟ್ಟಿಂಗ್ ಬನ್ನಿ ಅಂತ ಕಳಿಸಿದರೆ ಅದು ಅರ್ಧ ಚಿಕಿತ್ಸೆ. ನಿಮ್ಮನ್ನು ಏಳಿಸಿ, ನಡೆಸಿ, ಬಗ್ಗಿಸಿ ನೋಡಿ, ಮನೆಗೆ ಎರಡು ಮೂರು ವ್ಯಾಯಾಮ ಕೊಟ್ಟು, ಮುಂದಿನ ಸಲ ಅದನ್ನು ಮಾಡಿ ತೋರಿಸಿ ಅನ್ನುವವರೇ ಸರಿಯಾದ ಫಿಸಿಯೋ.

ಕೆಲವಕ್ಕೆ ಕಾಯಲೇಬಾರದು. ಮೂತ್ರ-ಮಲದ ಹಿಡಿತ ತಪ್ಪಿದರೆ, ತೊಡೆಸಂದಿಯ ಸುತ್ತ ಸ್ಪರ್ಶ ಗೊತ್ತಾಗದಿದ್ದರೆ, ಕಾಲಲ್ಲಿ ಬಲವಿಲ್ಲದೆ ಎಳೆದುಕೊಂಡು ನಡೆಯುವ ಹಾಗಾದರೆ, ಬಿದ್ದ ಮೇಲೆ ನೋವು ಬಂದಿದ್ದರೆ, ಜ್ವರವೋ ಕಾರಣವಿಲ್ಲದೆ ತೂಕ ಇಳಿಯುವುದೋ ಜೊತೆಗಿದ್ದರೆ ಅದೇ ದಿನ ಆಸ್ಪತ್ರೆ. ಎದೆ ಬಿಗಿದು ಎಡಗೈ, ದವಡೆ, ಭುಜಕ್ಕೆ ನೋವು ಹರಡಿದರೆ ಕತ್ತು ಉಳುಕಿದೆ ಅಂತ ಎಣ್ಣೆ ಹಚ್ಚುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ.

ಇನ್ನು ಯಾವುದೇ ಕ್ಲಾಸಿಗೆ ಸೇರಿದರೂ ವರ್ಷದ ಫೀಸು ಒಟ್ಟಿಗೆ ಕಟ್ಟಬೇಡಿ, ಎಷ್ಟೇ ರಿಯಾಯಿತಿ ಇರಲಿ. ಒಂದು ತಿಂಗಳದ್ದು ಕಟ್ಟಿ. ತಿಂಗಳ ಕೊನೆಗೆ ಬೆಳಿಗ್ಗೆ ಏಳುವಾಗ ಕತ್ತು ಎರಡೂ ಕಡೆ ಸಮ ತಿರುಗುತ್ತದಾ, ಚಪ್ಪಲಿ ಪಟ್ಟಿ ಹಾಕಲು ಬಗ್ಗುವುದು ಸುಲಭವಾಯಿತಾ ನೋಡಿ. ಆಗಿದ್ದರೆ ಮುಂದಿನ ತಿಂಗಳದ್ದು ಕಟ್ಟಿ. ಆಗದಿದ್ದರೆ ಬೇರೆ ದಾರಿ.